ಹಾಸುಗಲ್ಲಿನ ಮೇಲೊಂದು ಚಳಿಗಾಲ

ನಮ್ಮ ಕಡೆ ಚಳಿಗಾಲ ಅಂದರೆ ಜನ ಕೂಡುವ ಕಾಲ. ತೊಗರಿ ಕೊಯ್ಲಿಗೆ ಬರುತ್ತದೆ, ಎಳೆಯ ಜೋಳದ ತೆನೆ ಸುಟ್ಟು ಸೀತನಿ ತಿನ್ನುವ ದಿನಗಳು ಹತ್ತಿರವಾಗುತ್ತವೆ, ಎಳ್ಳಮಾವಾಸ್ಯೆಗೆ ಊರಿಗೂರೇ ಹೊಲದಲ್ಲಿರುತ್ತದೆ. ಬೆಳಗಿನ ಥಂಡಿಗೆ ಓಣಿಯ ಮೂಲೆಯಲ್ಲಿ ಯಾರೋ ನಾಲ್ಕು ಕಟ್ಟಿಗೆ ಹೊತ್ತಿಸಿದರೆ ಸಾಕು, ಹತ್ತು ಮಂದಿ ಸುತ್ತ ಕುಕ್ಕರಗಾಲಲ್ಲಿ ಕೂತಿರುತ್ತಾರೆ. ಹೀಗಾಗಿ ಚಳಿಗೂ ಒಂಟಿತನಕ್ಕೂ ನಂಟಿದೆ ಎಂಬುದು ನನಗೆ ಜರ್ಮನಿಗೆ ಹೋಗುವವರೆಗೆ ತಿಳಿದೇ ಇರಲಿಲ್ಲ.

ನಮ್ಮೂರು ಶಹಾಬಾದ್. ವಾಡಿ ಜಂಕ್ಷನ್ನಿನಿಂದ ಸೊಲ್ಲಾಪುರದ ಕಡೆಗೆ ಹೋಗುವ ಹಳಿಯ ಮೇಲೆ ನಾವು. ಸಿಕಂದರಾಬಾದಿನ ಕಡೆಗೆ ಹೋಗುವ ಹಳಿಯ ಮೇಲೆ ಚಿತ್ತಾಪುರದ ಚಿಕ್ಕವ್ವ, ಅದರಾಚೆ ಸೇಡಂನ ಸೋದರಮಾವ. ಚಿಂಚೋಳಿಯ ಕಾಕಾನ ಮನೆಗೆ ಮಾತ್ರ ರೈಲಿಲ್ಲ, ಬಸ್ಸೇ ಗತಿ. ಮೈ ಹುಷಾರಿಲ್ಲ ಅಂತ ಒಬ್ಬರಿಗೆ ಹೇಳಿದರೆ ಸಂಜೆಯೊಳಗೆ ಮೂರು ಊರಿಂದ ಫೋನು ಬರುವಂಥ ಬಳಗ. ಇಂಥ ಬಳಗ ಬಿಟ್ಟು 2024ರ ಸೆಪ್ಟೆಂಬರಿನಲ್ಲಿ ನಾನು ಒಂದು ವರ್ಷದ ಮಟ್ಟಿಗೆ ಹೊರಟೆ. ಓದಲಿಕ್ಕಲ್ಲ, ನೌಕರಿಗಲ್ಲ, ವೃದ್ಧರ ಮನೆಯೊಂದರಲ್ಲಿ ಸ್ವಯಂಸೇವಕಿಯಾಗಿ.

ಈ ವ್ಯವಸ್ಥೆಯನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಮ್ಮ ಓಣಿಯಲ್ಲಿ ಅರ್ಧ ಜನ ನಾನು ನರ್ಸ್ ಕೆಲಸಕ್ಕೆ ಹೋದೆನೆಂದೇ ತಿಳಿದಿದ್ದರು. ಜರ್ಮನಿಯಲ್ಲಿ ಶಾಲೆ ಮುಗಿಸಿದ ಹುಡುಗ ಹುಡುಗಿಯರು ಒಂದು ವರ್ಷ ಸಮಾಜಸೇವೆ ಮಾಡುವ ಪದ್ಧತಿ ಹಳೆಯದು. 1964ರಲ್ಲೇ ಅದಕ್ಕೊಂದು ಕಾನೂನು ಬಂದಿತು. 2011ರಲ್ಲಿ ಕಡ್ಡಾಯ ಸೈನ್ಯಸೇವೆಯನ್ನು ನಿಲ್ಲಿಸಿದಾಗ, ಸೈನ್ಯಕ್ಕೆ ಬದಲಾಗಿ ಆಸ್ಪತ್ರೆ, ವೃದ್ಧಾಶ್ರಮಗಳಲ್ಲಿ ದುಡಿಯುತ್ತಿದ್ದ ಯುವಕರ ಜಾಗ ಖಾಲಿಯಾಯಿತು. ಆಗ ಸರ್ಕಾರ ಎಲ್ಲ ವಯಸ್ಸಿನವರೂ ಸೇರಬಹುದಾದ ಹೊಸ ಸ್ವಯಂಸೇವೆಯನ್ನು ಆರಂಭಿಸಿತು. ಶಾಲೆ ಮುಗಿದಿದ್ದರಾಯಿತು, ನಿವೃತ್ತರಾದ ಅಜ್ಜ ಅಜ್ಜಿಯರೂ ಸೇರಬಹುದು. ಇನ್ನು ಜರ್ಮನ್ ಯುವಜನರನ್ನು ಭಾರತ, ಆಫ್ರಿಕಾ, ದಕ್ಷಿಣ ಅಮೆರಿಕಗಳಿಗೆ ಕಳಿಸುವ 'ವೆಲ್ಟ್‌ವೇರ್ಟ್ಸ್' ಎಂಬ ಯೋಜನೆ 2008ರಿಂದ ಇದೆ. 2013ರಿಂದೀಚೆಗೆ ನಮ್ಮಂಥ ದೇಶಗಳ ಯುವಜನರೂ ಅದೇ ದಾರಿಯಲ್ಲಿ ಅತ್ತ ಹೋಗುತ್ತಾರೆ. ಇರಲು ಕೋಣೆ, ಊಟ, ವಿಮೆ, ಕೈಖರ್ಚಿಗೆ ಒಂದಿಷ್ಟು ಹಣ. ಸಂಬಳವಿಲ್ಲ. ನನಗೆ ಸಿಕ್ಕಿದ್ದು ದಕ್ಷಿಣದ ಬವೇರಿಯ ರಾಜ್ಯದಲ್ಲಿ, ಆಲ್ಟ್‌ಮ್ಯೂಲ್ ಎಂಬ ಚಿಕ್ಕ ನದಿಯ ಕಣಿವೆಯಲ್ಲಿ, ಐಶ್‌ಟೆಟ್ ಪಟ್ಟಣಕ್ಕೆ ಹತ್ತಿರದ ಒಂದು ಹಳ್ಳಿ.

ಮೊದಲ ಎರಡು ತಿಂಗಳು ಹೊಸತರ ಗುಂಗಿನಲ್ಲೇ ಕಳೆದವು. ಬೆಳಿಗ್ಗೆ ನಾಷ್ಟಾ ಬಡಿಸುವುದು, ಕಣ್ಣು ಮಂಜಾದವರಿಗೆ ಪೇಪರು ಓದಿ ಹೇಳುವುದು, ಗಾಲಿಕುರ್ಚಿ ತಳ್ಳಿಕೊಂಡು ತೋಟದಲ್ಲಿ ಒಂದು ಸುತ್ತು. ಭಾಷೆಯ ಪಾಡು ಬೇರೆ. ನಾನು ಕ್ಲಾಸಿನಲ್ಲಿ ಕಲಿತ ಜರ್ಮನ್ ಒಂದು, ಇಲ್ಲಿಯ ಹಿರಿಯರು ಆಡುವ ಮಾತೇ ಒಂದು. ಬೆಂಗಳೂರಿನ ಇಂಗ್ಲಿಷ್ ಶಾಲೆಯ ಹುಡುಗ ಬಂದು ನಮ್ಮ ಆಯಿಯ ಮಾತು ಕೇಳಿದರೆ ಹೇಗಿರುತ್ತದೋ ಹಾಗೆ. ನನಗೆ ಎಲ್ಲರನ್ನೂ 'ಅಜ್ಜಾ', 'ಅಮ್ಮಾ' ಎಂದು ಕರೆಯುವ ಆಸೆ. ಅಲ್ಲಿ ಅದು ಸಲ್ಲದು. ಮನೆಯ ಮೊಮ್ಮಕ್ಕಳು ಬಿಟ್ಟು ಬೇರೆಯವರು ಹಾಗೆ ಕರೆದರೆ ಅವಮಾನ ಮಾಡಿದಂತೆ; ಶ್ರೀಯುತ ಇಂಥವರು, ಶ್ರೀಮತಿ ಇಂಥವರು ಎಂದೇ ಕರೆಯಬೇಕು. ನಮ್ಮಲ್ಲಿ ಗೌರವ ಅನ್ನಿಸುವುದು ಅಲ್ಲಿ ಸಲುಗೆ.

ಅಕ್ಟೋಬರ್ ಕೊನೆಯ ಭಾನುವಾರ ಅಲ್ಲಿ ದೇಶವೆಲ್ಲ ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ತಿರುಗಿಸುತ್ತದೆ. ಮಕ್ಕಳಿಗೆ ಇದು ತಮಾಷೆ ಅನ್ನಿಸಬಹುದು, ನನಗೆ ಮಾತ್ರ ಅಲ್ಲಿಂದಲೇ ಕಷ್ಟ ಶುರುವಾಯಿತು. ಬೇಸಿಗೆಯಲ್ಲಿ ನಮಗೂ ಅವರಿಗೂ ಮೂರೂವರೆ ತಾಸಿನ ಅಂತರ. ಮಧ್ಯಾಹ್ನ ಮೂರೂವರೆಗೆ ಕೆಲಸ ಮುಗಿಸಿ ಫೋನು ಮಾಡಿದರೆ ಶಹಾಬಾದಿನಲ್ಲಿ ಸಂಜೆ ಏಳು, ಆಯಿ ದೇವರಿಗೆ ದೀಪ ಹಚ್ಚಿ ನನ್ನ ಫೋನಿಗೇ ಕಾದಿರುತ್ತಿದ್ದಳು. ಈಗ ಅಂತರ ನಾಲ್ಕೂವರೆ ತಾಸಾಯಿತು. ನಾನು ಮಾಡುವ ಹೊತ್ತಿಗೆ ಅಲ್ಲಿ ಎಂಟು, ಆಯಿ ಮಲಗಿರುತ್ತಿದ್ದಳು. ಒಂದು ತಾಸು ಅಷ್ಟೇ, ಆದರೆ ಅದು ನಮ್ಮಿಬ್ಬರ ತಾಸಾಗಿತ್ತು.

ಅದೇ ವಾರ ದೀಪಾವಳಿ. ನವೆಂಬರ್ 1ರಂದು ಅಲ್ಲಿಯ ಕ್ಯಾಥೊಲಿಕ್ ಜನ ತಮ್ಮವರ ಸಮಾಧಿಗಳ ಮೇಲೆ ಸಣ್ಣ ಕೆಂಪು ದೀಪಗಳನ್ನು ಹಚ್ಚಿಟ್ಟು ಬರುತ್ತಾರೆ. ಕತ್ತಲಾದ ಮೇಲೆ ಇಡೀ ಸ್ಮಶಾನ ಮಿಣಮಿಣ ಅನ್ನುತ್ತಿತ್ತು. ಊರಲ್ಲಿ ನನ್ನವರು ಹಣತೆ ಹಚ್ಚುವ ದಿನಗಳಲ್ಲಿ ನಾನು ನೋಡಿದ್ದು ಆ ದೀಪಗಳನ್ನು. ಹೆದರಿಕೆಯಾಗಲಿಲ್ಲ. ಆದರೆ ಕೋಣೆಗೆ ಬಂದು ಬಾಗಿಲು ಹಾಕಿಕೊಂಡಾಗ ಆ ಮೌನ ಕಿವಿಗೆ ಬಡಿಯಿತು.

ಬಳಿಕ ಬಂದದ್ದು ಮಂಜು. ನದಿಯಿಂದ ಎದ್ದು ಕಣಿವೆ ತುಂಬಿ ದಿನಗಟ್ಟಲೆ ಕದಲದೆ ನಿಲ್ಲುತ್ತದೆ. ಡಿಸೆಂಬರ್ 21ರ ಸುಮಾರಿಗೆ ಅಲ್ಲಿ ಸೂರ್ಯ ಹುಟ್ಟುವುದು ಬೆಳಿಗ್ಗೆ ಎಂಟು ದಾಟಿದ ಮೇಲೆ, ಮುಳುಗುವುದು ಸಂಜೆ ನಾಲ್ಕೂ ಕಾಲು, ನಾಲ್ಕೂ ಇಪ್ಪತ್ತಕ್ಕೆ. ಹಗಲೆಂದರೆ ಎಂಟು ತಾಸು ಚಿಲ್ಲರೆ. ಅದೇ ದಿನ ನಮ್ಮ ಕಲಬುರಗಿ ಸೀಮೆಯಲ್ಲಿ ಹನ್ನೊಂದು ತಾಸು ಬೆಳಕು. ಭಾನುವಾರ ಅಂಗಡಿಗಳೆಲ್ಲ ಬಂದ್. ಓಣಿಯಲ್ಲಿ ಒಂದು ನರಪಿಳ್ಳೆ ಇಲ್ಲ; ಕಿಟಕಿಗಳಲ್ಲಿ ದೀಪವಿದೆ, ಜನ ಒಳಗಿದ್ದಾರೆ, ಹೊರಗೆ ಯಾರೂ ಇಲ್ಲ. ನಮ್ಮಲ್ಲಿ ಯಾರ ಮನೆಗಾದರೂ 'ಏನ್ ಮಾಡ್ಲತ್ತೀರಿ' ಅಂತ ಒಳಹೊಕ್ಕರಾಯಿತು. ಅಲ್ಲಿ ಮೊದಲೇ ಹೇಳಿ, ದಿನ ಗೊತ್ತು ಮಾಡಿ ಹೋಗಬೇಕು. ಅವರು ಕೆಟ್ಟವರೆಂದಲ್ಲ. ಕರೆದರೆ ಪ್ರೀತಿಯಿಂದ ಕೇಕು ಕೊಟ್ಟು ಮಾತಾಡಿಸುವ ಜನ. ಕರೆಯದ ದಿನ ಮಾತ್ರ ಬಾಗಿಲು ಬಾಗಿಲೇ.

ನಸುಕಿನ ಕತ್ತಲಲ್ಲಿ ಏಳುವುದೇ ಭಾರವಾಯಿತು. ಕಾರಣವಿಲ್ಲದೆ ಅಳು. ಚಳಿಗಾಲದಲ್ಲಿ ಬೆಳಕು ಕಡಿಮೆಯಾಗಿ ಮನಸ್ಸು ಕುಗ್ಗುವ ಈ ಸ್ಥಿತಿಗೆ ಅಮೆರಿಕದಲ್ಲಿ 1984ರಲ್ಲಿ ನಾರ್ಮನ್ ರೋಸೆಂಥಾಲ್ ಎಂಬ ವೈದ್ಯರೂ ಅವರ ಸಂಗಡಿಗರೂ ಒಂದು ಹೆಸರು ಕೊಟ್ಟು ವಿವರಿಸಿದ್ದಾರೆ, ಪ್ರಖರ ದೀಪದ ಮುಂದೆ ಕೂರಿಸುವ ಚಿಕಿತ್ಸೆಯೂ ಇದೆ. ನಮ್ಮ ಮನೆಯ ಹಿರಿಯ ನರ್ಸೊಬ್ಬರು ನನ್ನ ಮುಖ ನೋಡಿಯೇ, ಮಧ್ಯಾಹ್ನ ಊಟವಾದ ಮೇಲೆ ಅರ್ಧ ತಾಸು ಹೊರಗೆ ನಡೆಯಲೇಬೇಕೆಂದು ಕಟ್ಟುನಿಟ್ಟು ಮಾಡಿದರು. ಮೋಡ ಕವಿದಿದ್ದರೂ ಹೊರಗಿನ ಬೆಳಕು ಕೋಣೆಯ ದೀಪಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಹೋಗಲು ಮನಸ್ಸಿಲ್ಲದ ದಿನ ಅವರೇ ನನ್ನ ಕೋಟು ತಂದು ಕೈಗೆ ಕೊಡುತ್ತಿದ್ದರು.

ಆ ಮನೆಯ ಜೀವ ಅಂದರೆ ಸಂಜೆಯ ಆಟ. 'ಮೆನ್ಶ್ ಎರ್ಗೆರೆ ದಿಶ್ ನಿಖ್ಟ್' ಎಂದು ಅದರ ಹೆಸರು. 'ಮಾರಾಯಾ, ಸಿಟ್ಟಾಗಬೇಡ' ಎಂದರ್ಥ. ಮ್ಯೂನಿಕ್‌ನ ಯೋಸೆಫ್ ಶ್ಮಿಟ್ ಎಂಬುವರು ನೂರು ವರ್ಷಕ್ಕೂ ಹಿಂದೆ ತಮ್ಮ ಮಕ್ಕಳಿಗಾಗಿ ಮಾಡಿದ ಆಟವಂತೆ. ಹಲಗೆ ನೋಡಿದ ಕೂಡಲೇ ನನಗೆ ನಗು ಬಂತು. ನಾಲ್ಕು ತೋಳು, ನಾಲ್ಕು ಬಣ್ಣದ ಕಾಯಿ, ಸುತ್ತು ಹಾಕಿ ಮನೆ ಸೇರುವುದು, ಹಿಂದಿನಿಂದ ಬಂದವನು ಹೊಡೆದು ಹಾಕುವುದು. ನಮ್ಮ ಪಚ್ಚೀಸಿಯೇ! ನಿಜಕ್ಕೂ ಅದು ಪಚ್ಚೀಸಿಯಿಂದಲೇ ಹುಟ್ಟಿದ ಆಟ. ಎಂಬತ್ತೆಂಟು ದಾಟಿದ ಒಬ್ಬ ಅಮ್ಮ ತನ್ನ ಕಾಯಿ ಹೊಡೆಸಿಕೊಂಡಾಗ ಹಲಗೆಯನ್ನೇ ಎತ್ತಿ ಹಾಕುತ್ತಿದ್ದರು. ಹೆಸರಿಟ್ಟವನಿಗೆ ಜನರ ಸ್ವಭಾವ ಚೆನ್ನಾಗಿ ಗೊತ್ತಿತ್ತು.

ಆಟಕ್ಕೆ ಬಾರದವರು ಒಬ್ಬರೇ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತ ಒಬ್ಬ ಹಿರಿಯರು. ಹೆಂಡತಿ ತೀರಿಕೊಂಡ ಮೇಲೆ ಮಾತೇ ಬಿಟ್ಟಿದ್ದಾರೆ, ಮಗ ದೂರದ ಊರಿನಲ್ಲಿದ್ದಾನೆ ಎಂದಷ್ಟೇ ಹೇಳಿದ್ದರು. ಒಂದು ದಿನ ಹಜಾರದಲ್ಲಿ ಚೆಲ್ಲಿದ ಚಹಾ ಒರೆಸಲು ನೆಲಕ್ಕೆ ಕೂತೆ. ನೆಲಕ್ಕೆ ಹಾಸಿದ್ದು ತಿಳಿಹಳದಿ ಕಲ್ಲು. ನಮ್ಮ ಅಪ್ಪನಿಗೆ ಫರ್ಸಿ ಕಲ್ಲು ಕಂಡರೆ ಬೆರಳ ಗೆಣ್ಣಿನಿಂದ ತಟ್ಟಿ ನೋಡುವ ಚಾಳಿ. ಟಣ್ ಅಂದರೆ ಒಳ್ಳೆಯದು, ಡಬ್ ಅಂದರೆ ಒಳಗೆ ಬಿರುಕು. ನನ್ನ ಕೈಯೂ ತಾನಾಗಿ ತಟ್ಟಿತು. ಕುರ್ಚಿಯಿಂದ ಒಂದು ದನಿ ಬಂತು: "ಅದನ್ನು ಯಾರು ಕಲಿಸಿದರು ನಿನಗೆ?"

ಅವರು ಮೂವತ್ತಕ್ಕೂ ಹೆಚ್ಚು ವರ್ಷ ಕಲ್ಲಿನ ಖಣಿಯಲ್ಲಿ ದುಡಿದವರು. ಅಲ್ಲಿಂದ ಸ್ವಲ್ಪ ದೂರದ ಸೋಲ್ನ್‌ಹೋಫನ್ ಎಂಬ ಊರು ನಮ್ಮ ಶಹಾಬಾದಿನಂತೆಯೇ ಹಾಸುಗಲ್ಲಿಗೆ ಹೆಸರಾದದ್ದು. ನಮ್ಮದು ಬೂದುನೀಲಿ, ಅವರದು ಹಳದಿ. ಎರಡೂ ಸುಣ್ಣಕಲ್ಲು, ಎರಡೂ ಪುಸ್ತಕದ ಹಾಳೆಗಳ ಹಾಗೆ ಪದರ ಪದರವಾಗಿ ಬಿಡಿಸಿಕೊಳ್ಳುವಂಥವು. ಅವರ ಹಳೆಯ ಮನೆಗಳ ಮಾಡಿಗೂ ಅದೇ ಕಲ್ಲು ಹೊದಿಸುತ್ತಾರೆ. ಸೇಡಂ, ಚಿತ್ತಾಪುರದ ಹಳ್ಳಿಗಳಲ್ಲಿ ಗೋಡೆ, ಮಾಳಿಗೆ, ಹೊಲದ ಬೇಲಿ ಎಲ್ಲ ಫರ್ಸಿಯದೇ ಎಂದು ಹೇಳಿದಾಗ ಅವರು ಮೊದಲ ಸಲ ನಕ್ಕರು.

ಅವರ ಕಲ್ಲಿನ ಕಥೆ ದೊಡ್ಡದು. ಸುಮಾರು 15 ಕೋಟಿ ವರ್ಷಗಳ ಹಿಂದೆ ಅಲ್ಲಿ ಬೆಚ್ಚನೆಯ ಆಳವಿಲ್ಲದ ಕಡಲಿತ್ತು. ಅದರ ತಳದ ಕೆಸರಿನಲ್ಲಿ ಹೂತ ಮೀನು, ಸಿಗಡಿ, ತುಂಬಿಗಳ ಅಚ್ಚು ಇಂದಿಗೂ ಕಲ್ಲಿನ ಹಾಳೆಗಳಲ್ಲಿ ಸಿಗುತ್ತದೆ. 1861ರಲ್ಲಿ ಅಲ್ಲಿ ರೆಕ್ಕೆ ಪುಕ್ಕವಿರುವ, ಆದರೆ ಹಲ್ಲೂ ಉದ್ದ ಎಲುಬಿನ ಬಾಲವೂ ಇರುವ ಒಂದು ಜೀವಿಯ ಅಚ್ಚು ಸಿಕ್ಕಿತು. ಅದೇ ಆರ್ಕಿಯೋಪ್ಟೆರಿಕ್ಸ್, ಹಕ್ಕಿಗಳಿಗೂ ಡೈನೋಸಾರ್‌ಗಳಿಗೂ ಇರುವ ನಂಟನ್ನು ತೋರಿಸಿದ್ದು. ನಮ್ಮ ಶಹಾಬಾದಿನ ಕಲ್ಲು ಅದಕ್ಕಿಂತ ಎಷ್ಟೋ ಪಟ್ಟು ಹಳೆಯದು, ಎಲುಬಿರುವ ಪ್ರಾಣಿಗಳು ಹುಟ್ಟುವುದಕ್ಕೂ ಮುಂಚಿನದು. ಹಾಗಾಗಿ ಎಷ್ಟು ಬಿಡಿಸಿದರೂ ನಮ್ಮಲ್ಲಿ ಹಕ್ಕಿ ಸಿಗುವುದಿಲ್ಲ ಎಂದು ಆ ಅಜ್ಜ ಸ್ವಲ್ಪ ಜಂಬದಿಂದಲೇ ಹೇಳಿದರು.

ಇನ್ನೊಂದು ಕಥೆ ಕೇಳಿ ನಾನೇ ಬೆರಗಾದೆ. 1796ರ ಸುಮಾರಿಗೆ ಅಲೋಯ್ಸ್ ಸೆನೆಫೆಲ್ಡರ್ ಎಂಬ ಬಡ ನಾಟಕಕಾರ ತನ್ನ ನಾಟಕಗಳನ್ನು ಅಗ್ಗದಲ್ಲಿ ಅಚ್ಚು ಮಾಡುವ ದಾರಿ ಹುಡುಕುತ್ತಿದ್ದ. ಅವನ ತಾಯಿ ಅಗಸರಿಗೆ ಹಾಕಿದ ಬಟ್ಟೆಯ ಲೆಕ್ಕ ಬರೆದುಕೋ ಅಂದಾಗ ಕೈಗೆ ಕಾಗದ ಸಿಗಲಿಲ್ಲ. ಎದುರಿಗಿದ್ದ ನುಣುಪು ಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಬರೆದ. ಅಲ್ಲಿಂದ ಪ್ರಯೋಗ ಮಾಡುತ್ತಾ ಹೋದವನಿಗೆ ಕಲ್ಲಚ್ಚು ಸಿದ್ಧಿಸಿತು. ಕಲ್ಲಿನ ಮೇಲೆ ಜಿಡ್ಡಿನಿಂದ ಬರೆದು, ನೀರು ಒರೆಸಿ, ಮಸಿ ಉರುಳಿಸಿದರೆ ನೀರಿರುವಲ್ಲಿ ಮಸಿ ಹಿಡಿಯುವುದಿಲ್ಲ, ಜಿಡ್ಡಿರುವಲ್ಲಿ ಮಾತ್ರ ಹಿಡಿಯುತ್ತದೆ. ಕಾಗದ ಒತ್ತಿದರೆ ಬರಹ ಮೂಡುತ್ತದೆ. ಅದಕ್ಕೆ ಸೋಲ್ನ್‌ಹೋಫನ್ ಕಲ್ಲಿನಂಥ ಕಲ್ಲು ಇನ್ನೊಂದಿಲ್ಲವೆಂದು ಲೋಕವೆಲ್ಲ ತರಿಸಿಕೊಂಡಿತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಬಂದದ್ದು ಇದೇ ಕಲ್ಲಚ್ಚಿನಲ್ಲಿ. ಹೊರತಂದವರು ಹೆರ್ಮನ್ ಮೋಗ್ಲಿಂಗ್, ಜರ್ಮನಿಯವರೇ. 1836ರಲ್ಲಿ ಮಂಗಳೂರಿಗೆ ಬಂದಾಗ ಅವರೂ ಎಳೆಯರು. ಕನ್ನಡಕ್ಕೆ ನಿಘಂಟು ಕೊಟ್ಟ ಕಿಟೆಲ್ 1853ರಲ್ಲಿ ಹಡಗು ಹತ್ತಿದಾಗ 21 ವರ್ಷದವರು. ನಿಘಂಟು ಹೊರಬಂದದ್ದು 1894ರಲ್ಲಿ. ಮನೆಯವರಿಗೆ ಬರೆದ ಒಂದು ಕಾಗದಕ್ಕೆ ಉತ್ತರ ಬರಲು ತಿಂಗಳುಗಟ್ಟಲೆ ಕಾಯಬೇಕಿದ್ದ ಕಾಲ ಅದು. ಒಂದು ತಾಸು ತಪ್ಪಿತೆಂದು ಅಳುತ್ತಿದ್ದ ನನಗೆ ಇದನ್ನು ನೆನೆದು ನಾಚಿಕೆ ಆಗಬೇಕಿತ್ತು. ಆಗಲಿಲ್ಲ. ಅವರವರ ಚಳಿ ಅವರವರಿಗೆ.

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರ ಅಲ್ಲಿ ಹಸಿರು ಎಲೆಯ ಬಳೆಯೊಂದರ ಮೇಲೆ ವಾರಕ್ಕೊಂದರಂತೆ ಮೇಣದ ಬತ್ತಿ ಹಚ್ಚುತ್ತಾರೆ. 1839ರಲ್ಲಿ ಹ್ಯಾಂಬರ್ಗಿನಲ್ಲಿ ಬಡಮಕ್ಕಳ ಮನೆ ನಡೆಸುತ್ತಿದ್ದ ವಿಖರ್ನ್ ಎಂಬ ಪಾದ್ರಿ ಇದನ್ನು ಮೊದಲು ಮಾಡಿದರಂತೆ. ಹಬ್ಬಕ್ಕೆ ಇನ್ನೆಷ್ಟು ದಿನ ಎಂದು ಮಕ್ಕಳು ದಿನಾ ಕೇಳುತ್ತಿದ್ದವು. ಅವರು ಹಳೆಯ ಗಾಡಿಯ ಗಾಲಿಯೊಂದಕ್ಕೆ ಭಾನುವಾರಗಳಿಗೆ ದೊಡ್ಡ ಬಿಳಿ ಬತ್ತಿ, ಉಳಿದ ದಿನಗಳಿಗೆ ಚಿಕ್ಕ ಕೆಂಪು ಬತ್ತಿ ಸಿಕ್ಕಿಸಿ, ದಿನಕ್ಕೊಂದು ಹಚ್ಚಿ ಎಣಿಸಲು ಕಲಿಸಿದರು. ನನ್ನ ಎಣಿಕೆ ಬೇರೆ ಇತ್ತು. ಅವ್ವ ಕಟ್ಟಿಕೊಟ್ಟ ನಲವತ್ತು ಕಟಕ ರೊಟ್ಟಿಯಲ್ಲಿ ಭಾನುವಾರಕ್ಕೊಂದು, ಮೇಲೆ ಶೇಂಗಾ ಹಿಂಡಿ. ಆ ಅಜ್ಜನಿಗೂ ಒಂದು ತುಂಡು ಕೊಟ್ಟೆ. ಕಟಂ ಎಂದು ಕಡಿದು, "ಇದೂ ನಿಮ್ಮ ಖಣಿಯದೇ?" ಎಂದರು.

ಆ ವರ್ಷ ಎಳ್ಳಮಾವಾಸ್ಯೆ ಡಿಸೆಂಬರ್ 30ಕ್ಕೆ ಬಂತು. ಸೇಡಂನ ಮಾವ ಮಳಖೇಡದ ಹತ್ತಿರದ ಹೊಲದಿಂದ ವಿಡಿಯೊ ಕರೆ ಮಾಡಿದ. ನೃಪತುಂಗನ ರಾಜಧಾನಿಯಾಗಿದ್ದ ಊರು ಅದು, 'ಕವಿರಾಜಮಾರ್ಗ' ಹುಟ್ಟಿದ್ದು ಆ ಆಸ್ಥಾನದಲ್ಲಿ. ನನಗೆ ಅಂದು ಕಂಡದ್ದು ಭಜ್ಜಿ, ಸಜ್ಜೆ ಕಡಬು, ಹೋಳಿಗೆ, ಜೋಳದ ನಡುವೆ ಐದು ಕಲ್ಲಿಟ್ಟು ಮಾಡಿದ ಪಾಂಡವರ ಪೂಜೆ, ಚರಗ ಚೆಲ್ಲುತ್ತ ಓಡುವ ಹುಡುಗರು. ಚಿತ್ತಾಪುರದವರು, ಚಿಂಚೋಳಿಯವರು, ಎಲ್ಲರೂ ಇದ್ದರು. ಆಯಿ ಇರಲಿಲ್ಲ. ಮೊಣಕಾಲು ನೋವೆಂದು ಮನೆಯಲ್ಲೇ ಉಳಿದಿದ್ದಳು.

ಮನೆಗೆ ಫೋನು ಹಚ್ಚಿದೆ. ಅದೂ ಇದೂ ಮಾತಾಡಿ, ಕಿಟಕಿ ಪಕ್ಕದ ಅಜ್ಜನ ಸುದ್ದಿ ಹೇಳಿದೆ. ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದಳು: "ನೀ ಅಲ್ಲಿ ಯಾರದೋ ಮುತ್ಯಾನ ಬಾಜೂಕ ಕೂಡ್ತಿ. ನನ್ನ ಬಾಜೂಕ ಯಾರ್ ಕೂಡಬೇಕವ್ವಾ?"

ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿರಲಿಲ್ಲ. ಈಗಲೂ ಪೂರ್ತಿ ಇಲ್ಲ. ನಡುವೆ ಬಿಟ್ಟು ಹೋಗಲು ಅವಕಾಶವಿದೆ, ಮೊದಲೇ ಬರೆದು ತಿಳಿಸಬೇಕು ಅಷ್ಟೇ. ಅಂದು ರಾತ್ರಿ ಕಾಗದ ಬರೆದೂ ಇಟ್ಟೆ. ಮರುದಿನ ಕೆಂಪಾದ ನನ್ನ ಕಣ್ಣು ನೋಡಿ ಅಜ್ಜ ಏನಾಯಿತೆಂದು ಕೇಳಿದರು. ಆಯಿಯ ಮಾತನ್ನು ಇದ್ದ ಹಾಗೇ ಹೇಳಿದೆ. ಅವರು ಬಹಳ ಹೊತ್ತು ಮಂಜಿನ ಕಡೆ ನೋಡುತ್ತಿದ್ದರು. "ಸರಿಯಾಗಿಯೇ ಕೇಳಿದ್ದಾಳೆ," ಎಂದರು. ಆಮೇಲೆ, "ಆಕೆಯ ಮನೆಯ ನೆಲ ತೋರಿಸಲು ಹೇಳು."

ಹೀಗೆ ಹೊಸ ವರ್ಷದ ಮೊದಲ ಭಾನುವಾರ ಅಲ್ಲಿಯ ಬೆಳಿಗ್ಗೆ ಹತ್ತೂವರೆ, ನಮ್ಮಲ್ಲಿ ಮಧ್ಯಾಹ್ನ ಮೂರು ಗಂಟೆಗೆ, ಪಕ್ಕದ ಮನೆಯ ಹುಡುಗಿಯ ಕೈಯಲ್ಲಿ ಫೋನು ಕೊಟ್ಟು ಆಯಿ ತನ್ನ ಪಡಸಾಲೆಯ ಫರ್ಸಿ ತೋರಿಸಿದಳು. ನಲವತ್ತು ವರ್ಷ ಸಗಣಿ ನೀರು, ಕಾಲು, ಕೂಸುಗಳ ಮೊಣಕಾಲು ತಿಕ್ಕಿ ಕನ್ನಡಿಯಾದ ನೆಲ. ಅಜ್ಜ ಕಣ್ಣು ಕಿರಿದು ಮಾಡಿ ನೋಡಿ, ಜೋಡಣೆಯಲ್ಲಿ ಒಂದು ಕಲ್ಲು ಅರ್ಧ ಬೆರಳು ಮೇಲೆದ್ದಿದೆ ಎಂದರು. ನಾನು ಕನ್ನಡಕ್ಕೆ ತಿರುಗಿಸಿದೆ. "ಅದು ನಮ್ಮ ಮನಿಯವರು ಕೂಡಿಸಿದ್ದು. ನಾನೂ ಆವತ್ತೇ ಹೇಳಿದ್ದೆ!" ಅಂದಳು ಆಯಿ. ಮುಂದಿನ ವಾರಗಳಲ್ಲಿ ನನ್ನ ಭಾಷಾಂತರಕ್ಕೆ ಇಬ್ಬರೂ ಕಾಯುತ್ತಲೇ ಇರಲಿಲ್ಲ. ಆಕೆ ನಮ್ಮ ಭಾಷೆ, ಆತ ತನ್ನ ಭಾಷೆ. ಭಾನುವಾರ ಮೂರು ಗಂಟೆಗೆ 'ಜರ್ಮನಿ ಮುತ್ಯಾ'ನನ್ನು ನೋಡಲು ಓಣಿಯ ಹುಡುಗರೆಲ್ಲ ಆಯಿಯ ಪಡಸಾಲೆಯಲ್ಲಿ ಕೂಡತೊಡಗಿದರು. ಅವರಲ್ಲಿ ಮೂವರು ಈಗ ವಾರದ ನಡುವೆಯೂ ಆಕೆಯ ಹತ್ತಿರ ಕೂತೇ ಹೋಂವರ್ಕ್ ಮಾಡುತ್ತಾರೆ. ಆಯಿ ಅಷ್ಟಕ್ಕೇ ಒಪ್ಪಿದಳೆಂದು ಹೇಳಲಾರೆ. "ಫೋನಿನಾಗ ತಲಿ ಮ್ಯಾಲ ಕೈ ಇಡ್ಲಾಕ ಬರಂಗಿಲ್ಲ," ಅಂತ ಪ್ರತಿ ಸಲ ಕೊನೆಗೆ ಹೇಳುವಳು.

ಬರೆದಿಟ್ಟ ಕಾಗದವನ್ನು ನಾನು ಕೊಡಲಿಲ್ಲ. ಜನವರಿ 6ಕ್ಕೆ ಮೂವರು ರಾಜರ ವೇಷ ತೊಟ್ಟ ಮಕ್ಕಳು ಬಂದು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಹೊಸ ವರ್ಷದ ಅಂಕಿ ಬರೆದು, ದೂರದ ದೇಶಗಳ ಮಕ್ಕಳಿಗಾಗಿ ಕಾಣಿಕೆ ಎತ್ತಿಕೊಂಡು ಹೋದರು. ಹೊಸ್ತಿಲ ಹೊರಗೆ ನಾನೂ ಅದೇ ಸುಣ್ಣದಲ್ಲಿ ಒಂದು ಚುಕ್ಕಿ ರಂಗೋಲಿ ಹಾಕಿದೆ. ಮಂಜು ಅದನ್ನು ಸಂಜೆಯೊಳಗೆ ತಿಂದು ಹಾಕಿತು. ಫೆಬ್ರವರಿಯಲ್ಲಿ ಒಂದು ದಿನ ಐದು ಗಂಟೆಗೂ ಬೆಳಕಿತ್ತು. ಆಟದ ಮೇಜಿನವರೆಲ್ಲ ಕಿಟಕಿಗೆ ಬಂದು ನಿಂತರು.

ಸೆಪ್ಟೆಂಬರಿನಲ್ಲಿ ಹೊರಡುವಾಗ ಅಜ್ಜ ಅಂಗೈಯಗಲದ ಒಂದು ಕಲ್ಲು ಕೊಟ್ಟರು. ಅದರ ಮೇಲೆ ಜರೀಗಿಡದಂಥ ಕಪ್ಪು ಚಿತ್ತಾರ. ನೋಡಿದವರೆಲ್ಲ ಗಿಡದ ಅಚ್ಚು ಅನ್ನುತ್ತಾರೆ, ಅಲ್ಲ. ಬಿರುಕಿನಲ್ಲಿ ಇಳಿದ ನೀರಿನೊಳಗಿನ ಖನಿಜ ಕವಲೊಡೆದು ಹಾಗೆ ಮೂಡುತ್ತದೆ. ಶಹಾಬಾದಿಗೆ ತಂದು ಆಯಿಯ ಕೈಗಿತ್ತೆ. ಹಿಂದೆ ಮುಂದೆ ತಿರುಗಿಸಿ, ಗೆಣ್ಣಿನಿಂದ ಎರಡು ಸಲ ತಟ್ಟಿ ನೋಡಿದಳು.

"ಚಂದ ಅದ," ಅಂದಳು. "ಆದ್ರ ನಮ್ಮ ಕಲ್ಲಿನಷ್ಟು ಗಟ್ಟಿ ಇಲ್ಲಂತ ಹೇಳು ಅವಂಗ."